ಅಣ್ಣನ ಬುಲೆಟ್ ಕೊಡೋದೋ ಬೇಡವೋ

ನಮ್ಮ ಮನೆಮಂದಿ ಗುಂಪಲ್ಲಿ ನಡೆದ ಮಾತು ಇದು. ಅಣ್ಣನ ಬಲಗಾಲಿಗೆ ಪೆಟ್ಟಾಗಿ ಒಂದೂವರೆ ವರ್ಷ ದಾಟಿದೆ. ಅವನು ಬುಲೆಟ್ ಬೈಕ್‌ನಲ್ಲಿ ಹೋಗ್ತಿದ್ದಾಗ ಎದುರಿಂದ ಬಂದ ಕಾರು ಇದ್ದಕ್ಕಿದ್ದಂತೆ ಅಡ್ಡ ತಿರುಗಿ, ಬಂಪರ್ ಮೊಣಕಾಲ ಕೆಳಗೆ ಬಡಿದಿತ್ತು. ಪುಟ್ಟು ನಮ್ಮ ಚಿಕ್ಕಪ್ಪನ ಮಗ, ಚಿನ್ನು ಅಣ್ಣನ ಮಗಳು. ನಾನು ಅಣ್ಣನ ತಂಗಿ, ಫಿಸಿಯೋಥೆರಪಿ ಕೆಲಸ ಮಾಡ್ತೀನಿ. ಬುಲೆಟ್ ಕೊಟ್ಟುಬಿಡ್ತೀನಿ ಅಂತ ಅಣ್ಣ ಹಿಂದಿನ ರಾತ್ರಿ ಗುಂಪಲ್ಲಿ ಒಂದು ಸಾಲು ಹಾಕಿದ್ದ. ಅವನು, ಅತ್ತಿಗೆ, ಪುಟ್ಟು ಮೂವರೂ ಒಪ್ಪಿದ ಮೇಲೆ ಇದನ್ನ ಹಂಚಿಕೊಳ್ತಿದ್ದೀನಿ.

ಪುಟ್ಟು: (ಫಾರ್ವರ್ಡ್ ಮಾಡಿದ ವೀಡಿಯೊ)

ಪುಟ್ಟು: ಅಣ್ಣ, ಇದನ್ನ ಪೂರ್ತಿ ನೋಡು. ಬೈಕ್ ರೇಸರ್ ಮಿಕ್ ಡೂಹನ್. 1992ರಲ್ಲಿ ಆಸೆನ್ ಟ್ರ್ಯಾಕ್‌ನಲ್ಲಿ ಬಿದ್ದು ಬಲಗಾಲು ನುಚ್ಚುನೂರು. ಕಾಲೇ ತೆಗೀಬೇಕಾಗುತ್ತೆ ಅನ್ನೋ ಪರಿಸ್ಥಿತಿ. ರೇಸ್‌ನವರ ಡಾಕ್ಟರ್ ಕೋಸ್ಟಾ ಎರಡೂ ಕಾಲು ಸೇರಿಸಿ ಹೊಲಿದುಬಿಟ್ರು, ಎಡಗಾಲಿನ ರಕ್ತದಲ್ಲಿ ಬಲಗಾಲು ಉಳೀಲಿ ಅಂತ. ಅದೇ ಮನುಷ್ಯ 1994ರಿಂದ 1998ರವರೆಗೆ ಸತತ ಐದು ಸಲ 500 ಸಿಸಿ ವಿಶ್ವ ಚಾಂಪಿಯನ್. ನಿನ್ನದು ರಾಡ್ ಹಾಕಿರೋ ಕಾಲು ಅಷ್ಟೇ. ಗಾಡಿ ಕೊಡೋ ಮಾತೇ ಬೇಡ.

ಚಿಕ್ಕಪ್ಪ: ಶಭಾಷ್ ಪುಟ್ಟು. ಮನಸ್ಸು ಗಟ್ಟಿ ಮಾಡ್ಕೋ ಮಗನೇ. ನಮ್ಮ ವಂಶದಲ್ಲಿ ಯಾರೂ ಹಿಂದೆ ಸರಿದವರಲ್ಲ.

ಸೋದರಮಾವ: ಹೌದು ಅಳಿಯಂದ್ರೇ. ಈಜು ಬಂದವನು ಒಂದು ಸಲ ನೀರು ಕುಡಿದ ಅಂತ ಕೆರೆ ಬಿಡ್ತಾನಾ?

ಅತ್ತಿಗೆ: ಪುಟ್ಟು, ರಾತ್ರಿ ಅವರು ಆ ಒಂದು ಸಾಲು ಬರೆಯೋಕೆ ಎಷ್ಟು ಹೊತ್ತು ಫೋನ್ ಹಿಡಿದು ಕೂತಿದ್ರು ಗೊತ್ತಾ ನಿನಗೆ?

ಪುಟ್ಟು: ಅದಕ್ಕೇ ಕಳಿಸಿದ್ದು ಅತ್ತಿಗೆ. ಧೈರ್ಯ ಬರ್ಲಿ ಅಂತ.

ನಾನು: ಅವನಿಗೆ ಧೈರ್ಯ ಕಮ್ಮಿ ಆಗಿದೆ ಅಂತ ಯಾರು ಹೇಳಿದ್ದು?

ಪುಟ್ಟು: ಅಕ್ಕ, ಹಂಗಲ್ಲ. ನನಗೆ ಬೈಕ್ ಓಡಿಸೋದು ಕಲಿಸಿದ್ದೇ ಅಣ್ಣ. ಆಂಪಿಯರ್ ಮೀಟರ್ ಮುಳ್ಳು ನಡುವಿಗೆ ಬರೋವರೆಗೂ ಕಿಕ್ಕರ್ ಮೆಲ್ಲಗೆ ಒತ್ತು, ಎಂಜಿನ್ ಒತ್ತಡ ಬಿಡಿಸೋ ಡಿಕಂಪ್ರೆಸರ್ ಲಿವರ್ ಹಿಡಿದು ಒಂಚೂರು ದಾಟಿಸು, ಬಿಡು, ಈಗ ಪೂರ್ತಿ ಭಾರ ಹಾಕಿ ತುಳಿ. ಇಷ್ಟನ್ನ ಒಂದು ಭಾನುವಾರ ಪೂರ್ತಿ ಹೇಳಿಕೊಟ್ಟಿದ್ದ. ಆ ಗಾಡಿ ಇಲ್ಲದ ಅಣ್ಣನ್ನ ನನ್ನ ಕೈಲಿ ನೋಡೋಕಾಗಲ್ಲ.

ನಾನು: ಈ ಕಡೇ ಸಾಲು ನಿಜ. ಆದ್ರೆ ನೋಡೋಕಾಗದೆ ಇರೋನು ನೀನು. ಅದಕ್ಕೋಸ್ಕರ ಅವನು ಮತ್ತೆ ಗಾಡಿ ಹತ್ತಬೇಕಾ?

ಪುಟ್ಟು: ಹತ್ತೋಕೆ ದಾರಿ ಇದೆ ಅಂತಿದ್ದೀನಿ. ಡೂಹನ್‌ಗೂ ಪಾದ ಆಡ್ತಿರಲಿಲ್ಲ. ಹಿಂದಿನ ಬ್ರೇಕ್ ತುಳಿಯೋಕೆ ಆಗ್ತಿರಲಿಲ್ಲ ಅಂತ ಹ್ಯಾಂಡಲ್‌ನಲ್ಲಿ ಹೆಬ್ಬೆರಳಿಂದ ಒತ್ತೋ ಬ್ರೇಕ್ ಮಾಡಿಸಿಕೊಂಡ. ನಮ್ಮ ಅಣ್ಣನಿಗೆ ಆ ತೊಂದರೇನೂ ಇಲ್ಲ. ಹಳೇ ಬುಲೆಟ್ ಅಲ್ವಾ, ಬ್ರೇಕ್ ಇರೋದು ಎಡಗಾಲಿಗೆ. ಬಲಗಾಲಿಗೆ ಗೇರ್ ಮಾತ್ರ.

ನಾನು: ಗೇರ್ ಮಾತ್ರ ಅಲ್ಲ, ಕಿಕ್ಕರ್ ಕೂಡ. ಅದಿರಲಿ, ಕಾಲಿಗೆ ಆಗಿರೋದು ಏನು ಅಂತ ಒಂದು ಸಲ ಸರಿಯಾಗಿ ಹೇಳ್ತೀನಿ, ಎಲ್ಲರೂ ಓದಿ. ಮೂಳೆ ಕೂಡಿದೆ, ರಾಡ್ ಚೆನ್ನಾಗಿ ಕೂತಿದೆ. ತೊಂದರೆ ಇರೋದು ನರದಲ್ಲಿ. ಮೊಣಕಾಲ ಹೊರಬದಿಗೆ ಬೆರಳಿಟ್ಟು ನೋಡಿ, ಒಂದು ಸಣ್ಣ ಮೂಳೆಯ ಗುಬುಟು ಸಿಗುತ್ತೆ. ಅದರ ಸ್ವಲ್ಪ ಕೆಳಗೆ, ಚರ್ಮದ ಅಡಿಯಲ್ಲೇ, ಮೂಳೆ ಬಳಸಿಕೊಂಡು ಹೋಗೋ ನರ ಅದು. ಪಾದ ಮೇಲೆತ್ತೋ ಸ್ನಾಯುಗಳಿಗೆ ಹೋಗೋದು ಅದೇ. ಬಂಪರ್ ಬಡಿದಿದ್ದು ಸರಿಯಾಗಿ ಅಲ್ಲಿಗೆ. ಪೆಟ್ಟಾದ ನರ ಮತ್ತೆ ಬೆಳೆಯೋದು ದಿನಕ್ಕೆ ಹೆಚ್ಚೂಕಮ್ಮಿ ಒಂದು ಮಿಲಿಮೀಟರ್. ಅದು ಸ್ನಾಯು ಮುಟ್ಟೋದು ತಡವಾದಷ್ಟೂ ಸ್ನಾಯು ಸೊರಗ್ತಾ ಹೋಗುತ್ತೆ. ಒಂದೂವರೆ ವರ್ಷ ಆದ್ರೂ ಮುಟ್ಟದೆ ಇದ್ರೆ ತಾನಾಗೇ ಮತ್ತೆ ಚೇತರಿಸೋ ಆಸೆ ತುಂಬಾ ಕಡಿಮೆ. ಮೊನ್ನೆ ಮತ್ತೆ ಪರೀಕ್ಷೆ ಮಾಡಿಸಿದ್ವಿ. ಮುಟ್ಟಿಲ್ಲ.

ಸೋದರಮಾವ: ಇದು ಗೊತ್ತಿರಲಿಲ್ಲ. ನಡೀತಿದ್ದಾರಲ್ಲ, ಸರಿಹೋಯ್ತು ಅಂದುಕೊಂಡಿದ್ದೆ.

ನಾನು: ಸ್ಪ್ಲಿಂಟ್ ಹಾಕಿಕೊಂಡು ನಡೀತಾನೆ ಮಾವ. ತೆಗೆದರೆ ಪಾದ ಜೋತು ಬೀಳುತ್ತೆ, ಹೆಬ್ಬೆರಳು ನೆಲಕ್ಕೆ ತಗುಲಿ ಮುಗ್ಗರಿಸ್ತಾನೆ. ಈಗ ಆ ಬುಲೆಟ್ ಗೇರ್ ನೆನಪಿಸಿಕೊಳ್ಳಿ. ಮೊದಲನೇ ಗೇರ್ ಮೇಲಕ್ಕೆ, ಉಳಿದ ಮೂರು ಕೆಳಕ್ಕೆ. ಮೊದಲನೇದು ಹಾಕಬೇಕು ಅಂದ್ರೆ ಪಾದದ ಮೇಲ್ಭಾಗದಿಂದ ಲಿವರ್ ಎತ್ತಬೇಕು. ಅವನ ಕೈಲಿ ಆಗದೇ ಇರೋದು ಅದೇ ಒಂದು. ಪಾದದ ಮೇಲ್ಭಾಗದಲ್ಲಿ ಸ್ಪರ್ಶ ಇಲ್ಲದೇ ಇರೋದೂ ಅಲ್ಲೇ. ಲಿವರ್ ಕೆಳಗೆ ಪಾದ ಹೋಗಿದೆಯೋ ಇಲ್ಲವೋ ಅಂತ ಕಾಲಿಗೆ ಗೊತ್ತಾಗಲ್ಲ.

ಪುಟ್ಟು: ಹಿಮ್ಮಡಿ ಲಿವರ್ ಬೆಸುಗೆ ಹಾಕಿಸೋಣ. ಹಿಂದೆ ಒತ್ತಿದ್ರೆ ಮುಂದೆ ಎದ್ದು ಮೊದಲನೇ ಗೇರ್ ಬೀಳುತ್ತೆ. ಹಿಮ್ಮಡಿ ಒತ್ತೋಕೆ ಆಗುತ್ತಲ್ವಾ?

ನಾನು: ಆಗುತ್ತೆ. ಆ ಶಕ್ತಿ ಅವನಿಗಿದೆ. ಗೇರಿನ ಮಟ್ಟಿಗೆ ನಿನ್ನ ಮಾತು ಒಪ್ತೀನಿ.

ಪುಟ್ಟು: ಮತ್ತೆ?

ನಾನು: ಏರಿನಲ್ಲಿ ನಿಲ್ಲಿಸಬೇಕು ಅಂದುಕೋ. ಬಲಗೈ ಆಕ್ಸಿಲರೇಟರ್‌ಗೆ ಬೇಕು, ಎಡಗೈ ಕ್ಲಚ್‌ಗೆ. ಗಾಡಿ ಹಿಂದಕ್ಕೆ ಜಾರದ ಹಾಗೆ ಎಡಗಾಲು ಬ್ರೇಕ್ ಮೇಲೆ ಇರಬೇಕು. ಹಾಗಾದ್ರೆ ನೆಲಕ್ಕೆ ಊರೋದು ಯಾವ ಕಾಲು?

ಪುಟ್ಟು: ...

ನಾನು: ಅದೇ ಕಾಲು. ಪಾದ ನೆಟ್ಟಗೆ ಹಿಡಿಯೋಕಾಗದ ಕಾಲು. ನೂರೈವತ್ತು ಕೆಜಿ ಮೀರಿದ ಗಾಡಿ, ಮೇಲೆ ಅವನು, ಹಿಂದೆ ಚಿನ್ನು. ಮರಳೋ ಒದ್ದೆ ಎಲೆಯೋ ಇದ್ದು ಪಾದ ಓರೆಯಾಗಿ ಬಿದ್ರೆ ಹಿಡಿಯೋಕಾಗಲ್ಲ. ಲಿವರ್ ಬೆಸುಗೆ ಹಾಕಿಸಿದ್ರೆ ಇದು ಸರಿಹೋಗಲ್ಲ.

ಚಿಕ್ಕಪ್ಪ: ಹಂಗಂತ ಭಯಪಟ್ಟುಕೊಂಡು ಕೂತರೆ ಹೇಗಮ್ಮ? ಆ ಡೂಹನ್ನೋ ಯಾರೋ, ಅವನೂ ಹಿಂಗೇ ಅಂದುಕೊಂಡಿದ್ರೆ?

ನಾನು: ಚಿಕ್ಕಪ್ಪ, ಡೂಹನ್ ನಿಜವಾಗಲೂ ದೊಡ್ಡವನು. ಆದರೆ 1999ರಲ್ಲಿ ಹೆರೆಜ್‌ನಲ್ಲಿ ಬಿದ್ದು ಮತ್ತೆ ಕಾಲು ಮುರಿದಾಗ ಅವನೂ ರೇಸ್ ಬಿಟ್ಟ. ಆಗ ಅವನು ಹಾಲಿ ಚಾಂಪಿಯನ್. ಪುಟ್ಟು, ವೀಡಿಯೊ ಅಷ್ಟು ದೂರ ಹೋಗುತ್ತಾ?

ಪುಟ್ಟು: ಇಲ್ಲ. 1998ರ ಗೆಲುವಿಗೆ ಮುಗಿಯುತ್ತೆ.

ನಾನು: 1992ರಲ್ಲಿ ಡೂಹನ್ ಆ ಗಾಯದಿಂದ ಕೆಲವು ರೇಸ್ ಕಳೆದುಕೊಂಡ ಮೇಲೆ ನಾಲ್ಕೇ ಅಂಕದಲ್ಲಿ ಅವನನ್ನ ಹಿಂದಿಕ್ಕಿ ಚಾಂಪಿಯನ್ ಆದವನು ವೇಯ್ನ್ ರೇನಿ. ಅದು ಅವನ ಸತತ ಮೂರನೇದು. ಮುಂದಿನ ವರ್ಷ ಮಿಸಾನೊದಲ್ಲಿ ಬಿದ್ದು ಎದೆಯಿಂದ ಕೆಳಗೆ ಸ್ವಾಧೀನ ಹೋಯ್ತು. ಅಲ್ಲಿಗೆ ಬೈಕ್ ನಿಂತಿತು. ಆಮೇಲೆ ರೇಸ್ ತಂಡ ನಡೆಸಿದ.

ಪುಟ್ಟು: ಅಕ್ಕ, ಅವನೂ 2019ರಲ್ಲಿ ಸುಜುಕಾದಲ್ಲಿ ಮತ್ತೆ ಓಡಿಸಿದ! ಕೈಲೇ ಗೇರ್ ಹಾಕೋ ಹಾಗೆ ಬದಲಾಯಿಸಿದ ಯಮಹಾ. ನಾನೇ ನೋಡಿದ್ದೀನಿ ಆ ವೀಡಿಯೊ.

ನಾನು: ಓಡಿಸಿದ. ನೋಡ್ತಾ ನಾನೂ ಅತ್ತಿದ್ದೀನಿ. ನಡುವೆ 26 ವರ್ಷ ಇದೆಯಲ್ಲ ಪುಟ್ಟು, ಅಷ್ಟೂ ಕಾಲ ಅವನು ಸೋತು ಕೂತಿದ್ದನಾ? ಆ ಒಂದು ದಿನ ಬರದೇ ಹೋಗಿದ್ರೆ ಅವನ ಬದುಕಿಗೆ ಬೆಲೆ ಇರ್ತಿರಲಿಲ್ವಾ? ಮತ್ತೆ ಹತ್ತಿದವರ ಕಥೆ ಮಾತ್ರ ಎಲ್ಲರೂ ಕಳಿಸ್ತಾರೆ. ಒಂದೂವರೆ ವರ್ಷದಿಂದ ಅಣ್ಣನ ಫೋನಿಗೆ ಇಂಥವೇ ಬರ್ತಿವೆ. ಬಿಟ್ಟು ಮುಂದೆ ನಡೆದವರೂ ಇದ್ದಾರೆ, ಅವರ ಕಥೆ ಯಾರೂ ಒಂದೂ ಕಳಿಸಿಲ್ಲ.

ಪುಟ್ಟು: ಈ ಸಂದೇಶವನ್ನು ಅಳಿಸಲಾಗಿದೆ

ಅತ್ತಿಗೆ: ಅಳಿಸೋ ಮುಂಚೆ ಓದಿದೆ ಪುಟ್ಟು. ‘ಅತ್ತಿಗೆ ಹೆದರಿದ್ದಾರೆ ಅಂತ ಅಣ್ಣ ಬಿಡ್ತಿದ್ದಾನೆ’ ಅಂತ ತಾನೇ? ಹೆದರಿದ್ದೀನಿ, ಸುಳ್ಳಲ್ಲ. ಆಂಬುಲೆನ್ಸ್ ಶಬ್ದ ಕೇಳಿದ್ರೆ ಇವತ್ತಿಗೂ ಕೈ ತಣ್ಣಗಾಗುತ್ತೆ. ಆದರೆ ಗಾಡಿ ಮಾರಿ ಅಂತ ಈವರೆಗೆ ಒಂದು ಮಾತು ಅಂದಿಲ್ಲ. ಮದುವೆ ಆದ ಹೊಸದರಲ್ಲಿ ನಾವಿಬ್ಬರೂ ಅದರ ಮೇಲೆ ಎಲ್ಲೆಲ್ಲಿ ತಿರುಗಿದ್ದೀವಿ ಅಂತ ನನಗೆ ಗೊತ್ತು. ಆ ಗಾಡಿ ಅವರಿಗೆ ಏನು ಅಂತ ನೀನು ಹೇಳಿಕೊಡಬೇಕಾಗಿಲ್ಲ. ಅದು ಅವರಿಗೆ ಸೇರಿದ ನಿರ್ಧಾರ ಅಂತ ಬಾಯಿ ಕಟ್ಟಿಕೊಂಡಿದ್ದೆ.

ಪುಟ್ಟು: ತಪ್ಪಾಯ್ತು ಅತ್ತಿಗೆ.

ಚಿನ್ನು: ನಾನು ಒಂದು ಹೇಳ್ಲಾ? ಅಪ್ಪ ದಿನಾ ಸಂಜೆ ಗಾಡಿ ಹತ್ರ ಹೋಗಿ, ಸೆಂಟರ್ ಸ್ಟ್ಯಾಂಡ್ ಮೇಲಿರೋವಾಗಲೇ ಹತ್ತಿ ಕೂತ್ಕೋತಾರೆ. ಎಂಜಿನ್ ಆನ್ ಮಾಡಲ್ಲ. ಬಲಗಾಲು ಲಿವರ್ ಕೆಳಗೆ ಇಡೋಕೆ ನೋಡ್ತಾರೆ. ಶೂ ಜಾರಿ ಜಾರಿ ಹೋಗುತ್ತೆ. ಕೈಯಲ್ಲಿ ಪ್ಯಾಂಟ್ ಹಿಡಿದು ಕಾಲು ಎತ್ತಿ ಇಡ್ತಾರೆ, ಮತ್ತೆ ಜಾರುತ್ತೆ. ನಾನು ಕಿಟಕಿಯಿಂದ ನೋಡ್ತಿರ್ತೀನಿ. ನೀವು ಯಾರೂ ನೋಡಿಲ್ಲ. ಧೈರ್ಯ ಇಲ್ಲ ಅಂತ ದಯವಿಟ್ಟು ಯಾರೂ ಹೇಳಬೇಡಿ.

ಚಿಕ್ಕಪ್ಪ: ಇಲ್ಲ ಕಂದ. ಹೇಳಲ್ಲ.

ಅಮ್ಮ: (ಧ್ವನಿ ಸಂದೇಶ)

ನಾನು: ಅಮ್ಮನ ಮಾತು, ಕೇಳೋಕಾಗದವರಿಗೆ: ‘ಯಾರು ಏನಾದ್ರೂ ಅನ್ನಿ, ಆ ಪೀಡೆ ಮನೆ ಬಿಟ್ಟು ತೊಲಗಲಿ. ಗುಜರಿಗೆ ಹಾಕಿ. ನನ್ನ ಮಗನ ಕಾಲು ತಿಂತು.’

ಅಣ್ಣ: ಅಮ್ಮ, ಗಾಡಿಗೆ ಬೈಬೇಡ. ಅಡ್ಡ ಬಂದಿದ್ದು ಕಾರು. ಗಾಡಿ ಅವತ್ತೂ ನಾನು ಹೇಳಿದ ಹಾಗೇ ಕೇಳ್ತು.

ಅಣ್ಣ: ಆಫೀಸ್‌ನಲ್ಲಿದ್ದೆ, ಈಗ ಎಲ್ಲಾ ಓದಿದೆ. ಪುಟ್ಟು, ನಿನ್ನ ಮೇಲೆ ಬೇಜಾರಿಲ್ಲ. ಮೊದಲ ವರ್ಷ ಇಂಥ ವೀಡಿಯೊಗಳನ್ನ ನಾನೇ ಹುಡುಕಿ ಹುಡುಕಿ ನೋಡ್ತಿದ್ದೆ. ಹೆಬ್ಬೆರಳ ಬ್ರೇಕ್ ವಿಷಯ ನಿನಗಿಂತ ಮುಂಚೆ ಗೊತ್ತಿತ್ತು. ಹಿಮ್ಮಡಿ ಲಿವರ್ ಚಿತ್ರ ಬರೆದು ಬೆಸುಗೆಯವನ ಹತ್ರ ಮಾತಾಡಿಯೂ ಬಂದಿದ್ದೆ. ನರದ ರಿಪೋರ್ಟ್ ಬಂದ ಮೇಲೂ ಒಂದಷ್ಟು ದಿನ ಯೋಚಿಸ್ತಾನೇ ಇದ್ದೆ. ಚಿನ್ನು ನೋಡಿದ್ದಾಳೆ ಅಂತ ಗೊತ್ತಿರಲಿಲ್ಲ.

ಅಣ್ಣ: ಒಂದು ಸಂಜೆ ಕೂತಿದ್ದಾಗ ಗಮನಿಸಿದೆ. ಪಾದ ಎಲ್ಲಿದೆ ಅಂತ ನೋಡೋಕೆ ಪ್ರತಿ ಸಲವೂ ತಲೆ ಬಗ್ಗಿಸ್ತಿದ್ದೀನಿ. ಗೇರ್ ಹಾಕೋಕೆ ಕಣ್ಣು ಕೆಳಗೆ ಹಾಕಬೇಕಾದವನು ರಸ್ತೆಗೆ ಇಳೀಬಾರದು. ಇದನ್ನ ಬೇರೆ ಯಾರಿಗಾದ್ರೂ ನಾನೇ ಹೇಳ್ತಿದ್ದೆ. ಪುಟ್ಟು, ನಿನಗೇ ಹೇಳ್ತಿದ್ದೆ.

ಪುಟ್ಟು: ಸೈಡ್‌ಕಾರ್? ಮೂರು ಚಕ್ರ ಆದ್ರೆ ಕಾಲು ಊರೋ ಮಾತೇ ಇರಲ್ಲ. ಇದೊಂದಕ್ಕೆ ಉತ್ತರ ಕೊಡು, ಆಮೇಲೆ ಸುಮ್ಮನಿರ್ತೀನಿ.

ಅಣ್ಣ: ಆಗುತ್ತೆ. ಬೇಕಾದವರಿಗೆ ಅದು ಒಳ್ಳೇದೇ. ಆದರೆ ಸೈಡ್‌ಕಾರ್ ಕಟ್ಟಿದ ಗಾಡಿ ತಿರುವಿನಲ್ಲಿ ವಾಲಲ್ಲ, ಹ್ಯಾಂಡಲ್ ಎಳೆದು ತಿರುಗಿಸಬೇಕು. ನನಗೆ ಬೇಕಿದ್ದದ್ದು ಆ ವಾಲೋದೇ ಕಣೋ. ತಿರುವು ಬರ್ತಿದ್ದ ಹಾಗೆ ಪಾದದಿಂದ ಲಿವರ್ ಎತ್ತಿ ಗೇರ್ ಇಳಿಸಿ, ದುಡು ದುಡು ಅಂತ ಎಂಜಿನ್ ತಡೆ ಹಿಡಿದಾಗ ಮೈ ತಾನಾಗೇ ಒಳಕ್ಕೆ ಹೋಗುತ್ತಲ್ಲ, ಅದು. ಅದಿಲ್ಲದೆ ಬರೀ ಆ ಟ್ಯಾಂಕು, ಆ ಹೆಸರು ಇಟ್ಟುಕೊಂಡು ಏನು ಮಾಡ್ಲಿ? ಆಫೀಸಿಗೆ ಹೋಗೋಕೆ ಕಾರ್ ಕಲಿತಿದ್ದೀನಿ, ಆಟೋಮ್ಯಾಟಿಕ್, ಎಡಗಾಲಲ್ಲಿ ಓಡಿಸೋ ಪೆಡಲ್ ಹಾಕಿಸಿದ್ದು. ಅದು ಸಾಕು.

ಸೋದರಮಾವ: ಮಾರೋದ್ಯಾಕೆ ಮತ್ತೆ? ಮನೇಲೇ ಇರ್ಲಿ, ನೆನಪಿಗೆ.

ಅಣ್ಣ: ಇಲ್ಲ ಮಾವ. ಬಾಗಿಲು ತೆಗೆದರೆ ಎದುರಿಗೇ ಇರುತ್ತೆ. ಕಾಲು ಅಲ್ಲಿಗೇ ಎಳೆಯುತ್ತೆ. ಓಡಿಸದ ಗಾಡಿ ಕೆಡುತ್ತೆ ಕೂಡ. ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಅಂಟುಗಟ್ಟುತ್ತೆ, ರಬ್ಬರ್ ಬಿರಿಯುತ್ತೆ, ಒಳಗೆ ತುಕ್ಕು. ನನ್ನ ಕಣ್ಣ ಮುಂದೆ ಅದು ಹಾಗಾಗೋದು ಬೇಡ. ಓಡಿಸೋರ ಕೈಗೆ ಹೋಗಲಿ.

ಪುಟ್ಟು: ಹಾಗಾದ್ರೆ ನನಗೆ ಕೊಡು ಅಣ್ಣ. ಕೇಳಿದಷ್ಟು ಕೊಡ್ತೀನಿ. ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ.

ಅಮ್ಮ: (ಧ್ವನಿ ಸಂದೇಶ)

ಅತ್ತಿಗೆ: ಅತ್ತೆ ಅಂದಿದ್ದನ್ನೇ ನಾನೂ ಅಂತೀನಿ. ಪುಟ್ಟು, ನೀನು ಯಾವ ಬೈಕ್ ಬೇಕಾದ್ರೂ ಓಡಿಸು, ಬೇಡ ಅನ್ನೋಕೆ ನಾನ್ಯಾರು? ಈ ಮನೆಯಿಂದ ಇನ್ನೊಬ್ಬರು ಅದೇ ಗಾಡಿ ಮೇಲೆ ಹೋಗೋದು ಮಾತ್ರ ಬೇಡ.

ಚಿಕ್ಕಪ್ಪ: ನನಗೂ ಬೇಡ. ಈ ವಿಷಯದಲ್ಲಿ ಅತ್ತೆ ಸೊಸೆ ಇಬ್ಬರ ಮಾತೂ ಸರಿ.

ನಾನು: ಇಲ್ಲಿ ನಾನು ಪುಟ್ಟು ಪರ. ಅವನಷ್ಟು ಜೋಪಾನ ಮಾಡೋರು ಸಿಗಲ್ಲ. ಗಾಡಿಗೆ ದೋಷ ಅಂಟಿಲ್ಲ ಅಂತ ಅಣ್ಣನೇ ಹೇಳಿದ ಮೇಲೆ, ಮನೆಯವರಿಗೆ ಬೇಡ, ಹೊರಗಿನವರಿಗಾದ್ರೆ ಆಗಬಹುದು ಅಂದ್ರೆ ಹೇಗೆ?

ಅಣ್ಣ: ಮಾತು ಸರಿ. ಆದ್ರೂ ಪುಟ್ಟುಗೆ ಕೊಡಲ್ಲ. ನೀನು ಬೀಳ್ತೀಯ ಅಂತಲ್ಲ ಪುಟ್ಟು. ಹಬ್ಬಕ್ಕೆ, ಊಟಕ್ಕೆ, ಯಾವುದಕ್ಕೇ ಬಂದ್ರೂ ಅದರ ಮೇಲೆ ಬರ್ತೀಯ. ಬೀದಿ ಕೊನೆಯಲ್ಲಿ ಶಬ್ದ ಕೇಳ್ತಿದ್ದ ಹಾಗೆ ನನಗೆ ಗೊತ್ತಾಗುತ್ತೆ. ನೀನು ಬರೋ ದಿನಕ್ಕೆ ನಾನು ಖುಷಿಪಡಬೇಕು, ಆ ಶಬ್ದಕ್ಕೆ ಹೆದರಿಕೊಂಡು ಕೂರಬಾರದು.

ಪುಟ್ಟು: ಇದು ನನಗೆ ಹೊಳೆದಿರಲಿಲ್ಲ. ಸರಿ ಅಣ್ಣ, ಇನ್ನು ಕೇಳಲ್ಲ.

ಪುಟ್ಟು: ವೀಡಿಯೊ ಅಳಿಸ್ಲಾ?

ಅಣ್ಣ: ಇರಲಿ ಬಿಡು. ಡೂಹನ್ ಚೆನ್ನಾಗಿ ಓಡಿಸ್ತಿದ್ದ.

ಅಣ್ಣ: ಒಂದು ಕೆಲಸ ಮಾಡ್ತೀಯಾ? ಕೊಳ್ಳೋಕೆ ಒಬ್ಬರು ಬರ್ತಾರೆ, ಬಲಗಡೆ ಗೇರ್ ಅಭ್ಯಾಸ ಇರೋರು, ನಾನೇ ವಿಚಾರಿಸಿದ್ದೀನಿ. ಅವರು ಬರೋಕೆ ಮುಂಚೆ ನೀನು ಬಂದು ಕಾರ್ಬುರೇಟರ್ ಬಟ್ಟಲು ಬಿಚ್ಚಿ ಹಳೇ ಪೆಟ್ರೋಲ್ ತೆಗಿ. ಟ್ಯಾಪೆಟ್ ನೋಡು. ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಎಡಗಡೆದು ಸ್ವಲ್ಪ ಬಿಗಿ ಇತ್ತು ಅಂತ ನೆನಪು.

ಪುಟ್ಟು: ಭಾನುವಾರ ಬೆಳಗ್ಗೆ ಬರ್ತೀನಿ. ಸ್ಟಾರ್ಟ್ ಮಾಡಿ ನೋಡಬೇಕಾಗುತ್ತೆ ಅಣ್ಣ. ನೀನು ಒಳಗೆ ಇರ್ತೀಯಾ?

ಅಣ್ಣ: ಇಲ್ಲ, ಪಕ್ಕದಲ್ಲೇ ನಿಂತಿರ್ತೀನಿ. ನೀನು ಡಿಕಂಪ್ರೆಸರ್ ಬೇಗ ಬಿಡ್ತೀಯ, ಕಿಕ್ಕರ್ ತಿರುಗಿ ಹೊಡೆದ್ರೆ ನಿನ್ನ ಕಾಲೂ ಹೋಗುತ್ತೆ.

ಅತ್ತಿಗೆ: ಪುಟ್ಟು, ತಿಂಡಿ ಇಲ್ಲೇ. ಬಸ್ಸಿನಲ್ಲಿ ಬಾ.