ಅಕ್ಕಾ, ಭಾವನ ಸುಸ್ತಿನ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ

ಅಕ್ಕಾ, ನಮ್ಮ ಮನೆಯವರ ಗುಂಪಿನಲ್ಲಿ ನೀನು ಹಾಕಿದ ಮೆಸೇಜ್ ಬೆಳಗ್ಗೆಯೇ ನೋಡಿದೆ. ಆಸ್ಪತ್ರೆಯ ಓಪಿಡಿ ಡ್ಯೂಟಿ ಮುಗಿಸಿ ನಿಧಾನವಾಗಿ ಹೇಳೋಣ ಅಂತ ಇಷ್ಟು ಹೊತ್ತು ಸುಮ್ಮನಿದ್ದೆ. ಭಾವನಿಗೂ ಕೇಳಿಸು. ಕೋವಿಡ್ ಬಂದು ನಾಲ್ಕು ತಿಂಗಳಾಯಿತು, ಇನ್ನೂ ಸುಸ್ತು, ಎದ್ದು ನಿಂತರೆ ಎದೆ ಡವಡವ, ಪಾಠ ಮಾಡುವಾಗ ನಡುವೆ ಮಾತೇ ಮರೆತುಹೋಗುತ್ತದೆ, ರಿಪೋರ್ಟ್ ಮಾತ್ರ ಎಲ್ಲಾ ನಾರ್ಮಲ್, ಡಾಕ್ಟರು "ಮನಸ್ಸಿನದ್ದು" ಅಂದುಬಿಟ್ಟರು ಅಂತ ಬರೆದಿದ್ದೀಯ. ಆ ಕೊನೆಯ ಮಾತು ಓದಿ ತುಂಬಾ ಸಂಕಟ ಆಯಿತು.

ಭಾವ ಸುಳ್ಳು ಹೇಳುತ್ತಿಲ್ಲ. ಸೋಮಾರಿತನವೂ ಅಲ್ಲ. ಇದಕ್ಕೆ ಲಾಂಗ್ ಕೋವಿಡ್ ಅಂತ ಹೆಸರಿದೆ. ಸೋಂಕು ಬಂದು ಮೂರು ತಿಂಗಳಾದರೂ ಇರುವ, ಕಡಿಮೆ ಅಂದರೆ ಎರಡು ತಿಂಗಳು ಬಿಡದೆ ಕಾಡಿದ, ಬೇರೆ ಕಾಯಿಲೆ ಕಾರಣ ಅಂತ ಹೇಳಲಾಗದ ತೊಂದರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲೇ ಹೇಳಿದೆ. ಇದನ್ನು ಹಿಡಿದು ತೋರಿಸುವ ರಕ್ತ ಪರೀಕ್ಷೆ ಇನ್ನೂ ಇಲ್ಲ. ಹಾಗಾಗಿ ನಾರ್ಮಲ್ ರಿಪೋರ್ಟ್ ನೋಡಿ ಏನೂ ಇಲ್ಲ ಅಂದುಕೊಳ್ಳಬೇಡಿ.

ನೀನು ಬರೆದಿದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ತೋಟದ ವಿಷಯ. ಭಾನುವಾರ ಮೈ ಹಗುರವಾಗಿದೆ ಅಂತ ಹೋಗಿ ಇಡೀ ದಿನ ಗೊಬ್ಬರ ಹಾಕಿಸಿದರು. ಸೋಮವಾರ ಚೆನ್ನಾಗಿಯೇ ಇದ್ದರು. ಮಂಗಳವಾರ ಹಾಸಿಗೆಯಿಂದ ಏಳಲಿಲ್ಲ. ಇದೇ ಈ ಕಾಯಿಲೆಯ ಗುಟ್ಟು, ಅಕ್ಕಾ. ಮಾಡಿದ ಕೆಲಸದ ಪೆಟ್ಟು ಆಗಲೇ ಗೊತ್ತಾಗಲ್ಲ, ಒಂದೆರಡು ದಿನ ಬಿಟ್ಟು ಬಂದು ಬೀಳುತ್ತದೆ. ಅದಕ್ಕೇ ಎರಡನ್ನೂ ಸೇರಿಸಿ ಯಾರೂ ನೋಡುವುದಿಲ್ಲ. 2021ರಲ್ಲಿ ನನಗೂ ಹೀಗೇ ಆಗಿತ್ತು. ಜ್ವರ ಬಿಟ್ಟ ಮೂರನೇ ವಾರಕ್ಕೇ ಪೂರ್ತಿ ಡ್ಯೂಟಿಗೆ ಹೋದೆ, ಮತ್ತೆ ಮತ್ತೆ ಮಲಗಿದೆ. ಚೇತರಿಸಿಕೊಳ್ಳುವುದಕ್ಕೆ ಏಳು ತಿಂಗಳು ಹಿಡಿಯಿತು.

ಮಾವ, ಬೇಜಾರು ಮಾಡಿಕೊಳ್ಳಬೇಡಿ. ದಿನಾ ಐದು ಕಿಲೋಮೀಟರ್ ನಡೆದರೆ ಎಲ್ಲಾ ಸರಿಹೋಗುತ್ತದೆ ಅಂತ ಬರೆದಿದ್ದೀರಿ. ಬೇರೆಯವರಿಗಾದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಭಾವನ ಹಾಗೆ ಕೆಲಸ ಮಾಡಿದ ಮೇಲೆ ಕುಸಿಯುವವರಿಗೆ ಬಲವಂತದ ವ್ಯಾಯಾಮ ತೊಂದರೆಯನ್ನೇ ಜಾಸ್ತಿ ಮಾಡುತ್ತದೆ. ಸುಸ್ತಾಗುವ ಮೊದಲೇ ನಿಲ್ಲಿಸಬೇಕು. ಹತ್ತು ನಿಮಿಷ ಕೆಲಸ, ಆಮೇಲೆ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಮಲಗುವುದು. ಸ್ನಾನಕ್ಕೂ ಪಾಠಕ್ಕೂ ಸ್ಟೂಲ್ ಇಟ್ಟುಕೊಳ್ಳಲಿ. ಮೈ ಚೆನ್ನಾಗಿರುವ ದಿನವೂ ಅಷ್ಟೇ ಲೆಕ್ಕ. ಅಂಥ ದಿನವೇ ಭಾವನನ್ನು ತಡೆಯುವುದು ಕಷ್ಟ, ನನಗೆ ಗೊತ್ತು. ಅಲ್ಲಿ ನೀನು ಗಟ್ಟಿಯಾಗಿ ನಿಲ್ಲಬೇಕು. ಪೇಪರ್ ತಿದ್ದುವುದೂ ಕೆಲಸವೇ, ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡುವುದೂ ಕೆಲಸವೇ.

ದೊಡ್ಡ ಆಸ್ಪತ್ರೆಗೆ ಹೋಗಿ ಫುಲ್ ಬಾಡಿ ಸ್ಕ್ಯಾನ್ ಮಾಡಿಸೋಣ ಅಂದಿದ್ದೀಯ. ಈಗಲೇ ಬೇಡ. ನಿಮ್ಮ ಹತ್ತಿರದ ಪಿಎಚ್‌ಸಿಯಿಂದ, ಅಂದರೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಶುರು ಮಾಡಿ. ಸುಸ್ತಿಗೆ ಬೇರೆ ಕಾರಣ ಇಲ್ಲ ಅಂತ ಖಚಿತ ಮಾಡಿಕೊಳ್ಳಲು ಇಷ್ಟು ಮಾಡಿಸಿ: ರಕ್ತ ಕಡಿಮೆ ಇದೆಯಾ, ಥೈರಾಯ್ಡ್, ಬಿ12, ಕಿಡ್ನಿ, ಒಂದು ಇಸಿಜಿ, ಎದೆಯ ಎಕ್ಸ್‌ರೇ. ಆಸ್ಪತ್ರೆಯಲ್ಲಿದ್ದಾಗ ಸ್ಟೀರಾಯ್ಡ್ ಕೊಟ್ಟಿದ್ದರು ಅಲ್ವಾ, ಅದರಿಂದ ಸಕ್ಕರೆ ಏರಿರಬಹುದು, ಹಾಗಾಗಿ ಮೂರು ತಿಂಗಳ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಬಿಡಲೇಬೇಡಿ. ಕೆಮ್ಮು ಎರಡು ವಾರ ದಾಟಿದ್ದರೆ ಕಫ ಪರೀಕ್ಷೆಯೂ ಆಗಲಿ. ಎಲ್ಲವನ್ನೂ ಕೋವಿಡ್ ತಲೆಗೆ ಕಟ್ಟಿ ಟಿಬಿ ತಪ್ಪಿಸಿಕೊಂಡು ಹೋಗಬಾರದು. ಎದ್ದರೆ ಎದೆ ಹೊಡೆದುಕೊಳ್ಳುವುದಕ್ಕೆ ಅಲ್ಲೇ ಒಂದು ಸುಲಭ ಪರೀಕ್ಷೆ ಇದೆ. ಮಲಗಿಸಿ ನಾಡಿ ನೋಡುತ್ತಾರೆ, ಆಮೇಲೆ ಹತ್ತು ನಿಮಿಷ ನಿಲ್ಲಿಸಿ ನೋಡುತ್ತಾರೆ. ಮಲಗಿದ್ದಾಗಿನದಕ್ಕಿಂತ ನಾಡಿ ನಿಮಿಷಕ್ಕೆ 30 ಅಥವಾ ಅದಕ್ಕಿಂತ ಜಾಸ್ತಿ ಏರಿ ಹಾಗೇ ನಿಂತರೆ ಅದನ್ನು ಗಂಭೀರವಾಗಿ ನೋಡಬೇಕು. ಎದ್ದು ನಿಂತಾಗ ನಾಡಿ ಹೀಗೆ ವಿಪರೀತ ಏರುವ ತೊಂದರೆಗೆ ಪೋಟ್ಸ್ ಅನ್ನುತ್ತಾರೆ. "ಪೋಟ್ಸ್ ಇರಬಹುದಾ" ಅಂತ ನೀನೇ ಕೇಳು, ತಪ್ಪಿಲ್ಲ.

ಶಕ್ತಿ ಬರುತ್ತದೆ ಅಂತ ಗ್ಲೂಕೋಸ್ ಹಾಕಿಸಬೇಡಿ. ಸಕ್ಕರೆ ಏರಿದ್ದರೆ ಇನ್ನೂ ತೊಂದರೆ. ಉಳಿದ ಸ್ಟೀರಾಯ್ಡ್ ಮಾತ್ರೆಯನ್ನೂ ತಾನಾಗಿ ನುಂಗಬಾರದು.

ಎದೆ ನೋವು, ಕೂತಲ್ಲೇ ಉಸಿರು ಕಟ್ಟುವುದು, ತಲೆ ಸುತ್ತಿ ಬೀಳುವುದು, ಒಂದೇ ಕಾಲು ಊದುವುದು, ಬಾಯಿ ಸೊಟ್ಟಗಾಗುವುದು, ಆಕ್ಸಿಮೀಟರ್ 92ಕ್ಕಿಂತ ಕೆಳಗೆ ತೋರಿಸುವುದು, ಇದರಲ್ಲಿ ಒಂದು ಕಂಡರೂ ನನ್ನ ಫೋನಿಗೆ ಕಾಯಬೇಡ. 108ಕ್ಕೆ ಕರೆ ಮಾಡು.

ಚಿಕ್ಕಮ್ಮ, ನಿಮಗಿನ್ನೂ ವಾಸನೆ ಸರಿಯಾಗಿ ಬರುತ್ತಿಲ್ಲ ಅಂದಿದ್ದಿರಿ. ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆ, ಒಂದೊಂದನ್ನೂ 20 ಸೆಕೆಂಡು ಮೂಸಿ, ಬೆಳಗ್ಗೆ ಸಂಜೆ. ತಿಂಗಳುಗಟ್ಟಲೆ ಬಿಡದೆ ಮಾಡಬೇಕು.

ಅಕ್ಕಾ, ಇವತ್ತಿನಿಂದ ಒಂದು ನೋಟ್‌ಬುಕ್ ಇಡು. ಎಷ್ಟು ನಿದ್ದೆ, ಏನೇನು ಕೆಲಸ, ಸುಸ್ತು ಹತ್ತಕ್ಕೆ ಎಷ್ಟು, ದಿನಕ್ಕೆ ಮೂರು ಸಾಲು ಸಾಕು. ಎರಡು ವಾರದ್ದು ಇದ್ದರೆ ಡಾಕ್ಟರ ಮುಂದೆ ನೀನು ವಾದ ಮಾಡಬೇಕಾಗಿಲ್ಲ, ಅದನ್ನೇ ತೋರಿಸಬಹುದು. ಪರೀಕ್ಷೆಗೆ ಅಲ್ಲಿಯವರೆಗೆ ಕಾಯಬೇಡಿ, ಈ ವಾರವೇ ಮಾಡಿಸಿ. ಹಳೆಯ ಡಿಸ್ಚಾರ್ಜ್ ಶೀಟ್ ಫೋಟೋ ನನಗೆ ಬೇರೆಯಾಗಿ ಕಳಿಸು, ಗುಂಪಿನಲ್ಲಿ ಹಾಕಬೇಡ. ರಾತ್ರಿ ಭಾವನ ಹತ್ತಿರ ನಾನೇ ಮಾತಾಡುತ್ತೇನೆ, ಅವರು ಎಚ್ಚರ ಇದ್ದರೆ. ಮಲಗಿದ್ದರೆ ಎಬ್ಬಿಸಬೇಡ.