ವಿಲನ್: ಖಳನಾಯಕನೋ, ಪ್ರತಿನಾಯಕನೋ? ಬ್ಯಾಟ್‌ಮ್ಯಾನ್ ಕಾಮಿಕ್ಸಿನ ಸಂದರ್ಭದಲ್ಲಿ ಒಂದು ಪದಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಬ್ಯಾಟ್‌ಮ್ಯಾನ್ ಕಾಮಿಕ್ಸನ್ನು ಹೊಸದಾಗಿ ಓದಲು ಹೊರಡುವ ಕನ್ನಡಿಗರಿಗಾಗಿ ಒಂದು ಪರಿಚಯ ಲೇಖನವನ್ನು ಬರೆಯುತ್ತಿದ್ದೇನೆ. ವಿಲನ್ ಎಂಬುದಕ್ಕೆ ಯಾವ ಪದವನ್ನು ಬಳಸಬೇಕು ಎಂಬುದು ತೀರ್ಮಾನವಾಗದೆ ಬರವಣಿಗೆ ಅಲ್ಲಿಗೇ ನಿಂತಿದೆ. ಖಳ, ಖಳನಾಯಕ, ದುಷ್ಟ, ದುರುಳ, ಕೇಡಿಗ ಇವೆಲ್ಲ ನಿಘಂಟಿನಲ್ಲಿವೆ. ಕಾವ್ಯಮೀಮಾಂಸೆಯ ಕಡೆಯಿಂದ ಪ್ರತಿನಾಯಕ ಬರುತ್ತಾನೆ. ಆಡುಮಾತಿನಲ್ಲಂತೂ ವಿಲನ್ ಎಂದರೆ ಮುಗಿಯಿತು. ಪದಗಳಿಗೆ ಕೊರತೆಯಿಲ್ಲ, ಯಾವುದು ಎಲ್ಲಿಗೆ ಹೊಂದುತ್ತದೆ ಎಂಬುದರಲ್ಲೇ ತೊಡಕಿದೆ.

ಪರಿಚಯ ಲೇಖನವೊಂದರಲ್ಲಿ ಈ ಪದಕ್ಕೆ ಇಷ್ಟು ತೂಕ ಏಕೆ ಎಂದು ಕೇಳಬಹುದು. ಬ್ಯಾಟ್‌ಮ್ಯಾನ್ ಮೊದಲು ಕಾಣಿಸಿಕೊಂಡದ್ದು 1939ರ ಮೇ ತಿಂಗಳ ‘ಡಿಟೆಕ್ಟಿವ್ ಕಾಮಿಕ್ಸ್’ 27ನೆಯ ಸಂಚಿಕೆಯಲ್ಲಿ. ಆ ಪತ್ರಿಕೆ 2019ರಲ್ಲಿ 1000ನೆಯ ಸಂಚಿಕೆಯನ್ನು ಮುಟ್ಟಿತು, 1940ರಲ್ಲಿ ನಾಯಕನ ಹೆಸರಿನಲ್ಲೇ ಶುರುವಾದ ಇನ್ನೊಂದು ಪತ್ರಿಕೆ ಬೇರೆ. ಇಷ್ಟನ್ನೂ ಮೊದಲಿನಿಂದ ಕ್ರಮವಾಗಿ ಓದಿಕೊಂಡು ಬರುತ್ತೇನೆಂದು ಹೊರಡುವುದು ಬರಿಯ ಹಟವಾದೀತು. ಒಬ್ಬ ವಿಲನ್ನನ್ನು ಆರಿಸಿಕೊಂಡು, ಅವನ ಮೊದಲ ಸಂಚಿಕೆಯಿಂದ ಆರಂಭಿಸಿ ಅವನ ಮುಖ್ಯ ಕಥೆಗಳನ್ನಷ್ಟೇ ಹಿಡಿದು ಮುಂದೆ ಸಾಗುವುದು ಹೊಸಬರಿಗೆ ಮೇಲು ಎಂಬುದು ನನ್ನ ಅಭಿಪ್ರಾಯ. ನಾಯಕನ ಕಥೆಯ ಬುಡ, ಅಂದರೆ ತಂದೆತಾಯಿಯರ ಕೊಲೆ ಮತ್ತು ಅದರಿಂದ ಹುಟ್ಟಿದ ಪಣ, ಈ ಎಂಟು ದಶಕಗಳಲ್ಲಿ ಹೆಚ್ಚೇನೂ ಅಲುಗಿಲ್ಲ. ಕಾಲಕಾಲಕ್ಕೆ ಬದಲಾಗುತ್ತ ಬಂದವರು ಅವನ ಎದುರಿಗೆ ನಿಲ್ಲುವವರೇ. ಹಾಗಾಗಿ ಲೇಖನದ ತುಂಬ ಈ ಒಂದು ಪದವೇ ಓಡಾಡುತ್ತದೆ.

ಮೊದಲು ಖಳ. ಹಳೆಯ ಕಾವ್ಯಗಳ ಪೀಠಿಕೆಯಲ್ಲಿ ಸುಜನಸ್ತುತಿಯ ಜೊತೆಗೆ ಖಳನಿಂದೆ ಬರುವುದು ನಿಮಗೆಲ್ಲ ತಿಳಿದದ್ದೇ. ಅಲ್ಲಿ ಖಳನೆಂದರೆ ಪರರ ಕೃತಿಯಲ್ಲಿ ತಪ್ಪು ಹುಡುಕುವ ಕೊಂಕಿಗ. ನಾಟಕ ಮತ್ತು ಸಿನಿಮಾಗಳ ಮೂಲಕ ಖಳನಾಯಕ ಎಂಬ ರೂಪ ಬಳಕೆಗೆ ಬಂದು, ಖಳನಟ ಎಂದರೆ ವಜ್ರಮುನಿಯವರ ಮುಖ ಕಣ್ಮುಂದೆ ಬರುವಷ್ಟು ಗಟ್ಟಿಯಾಗಿ ಕೂತಿತು. ಆದರೆ ನಮ್ಮ ಕಿವಿಯಲ್ಲಿ ಈ ಪದದ ಜೊತೆಗೆ ಒಂದು ಮುಕ್ತಾಯವೂ ಸೇರಿಕೊಂಡಿದೆ: ಕೊನೆಯ ರೀಲಿನಲ್ಲಿ ಖಳನಾಯಕ ಸಾಯಬೇಕು ಇಲ್ಲವೇ ಪೊಲೀಸರ ಕೈಗೆ ಸಿಗಬೇಕು. ಪುರಾಣದ ಕಥೆಗಳಿಗಂತೂ ಕೀಚಕವಧೆ, ನರಕಾಸುರವಧೆ ಎಂದು ಮುಕ್ತಾಯವನ್ನೇ ಹೆಸರಾಗಿಡುವ ರೂಢಿಯಿದೆ. ಜಯವಿಜಯರು ಹಿರಣ್ಯಾಕ್ಷ ಹಿರಣ್ಯಕಶಿಪುಗಳಾಗಿ, ರಾವಣ ಕುಂಭಕರ್ಣರಾಗಿ, ಶಿಶುಪಾಲ ದಂತವಕ್ರರಾಗಿ ಮರಳಿ ಬರುತ್ತಾರೆ ನಿಜ, ಆದರೆ ಪ್ರತಿ ಸಲವೂ ಸತ್ತೇ ಬರುತ್ತಾರೆ.

ಬ್ಯಾಟ್‌ಮ್ಯಾನ್ ಕಥೆಗಳಲ್ಲಿ ಸಾಮಾನ್ಯವಾಗಿ ಈ ವಧೆ ಇಲ್ಲ. ಬ್ಯಾಟ್‌ಮ್ಯಾನ್ ಪತ್ರಿಕೆಯ ಮೊದಲ ಸಂಚಿಕೆಯಲ್ಲೇ ಬಂದ ಜೋಕರ್, ಅದೇ ಸಂಚಿಕೆಯ ಇನ್ನೊಂದು ಕಥೆಯ ಕೊನೆಯಲ್ಲಿ ತನ್ನದೇ ಚಾಕು ಅಕಸ್ಮಾತ್ತಾಗಿ ಎದೆಗೆ ನಾಟಿ ಬೀಳುತ್ತಾನೆ. ಅವನು ಅಲ್ಲಿಗೆ ಸಾಯಬೇಕೆಂದೇ ಕಥೆಯನ್ನು ಹೆಣೆಯಲಾಗಿತ್ತು. ಸಂಪಾದಕರಾಗಿದ್ದ ವಿಟ್ನಿ ಎಲ್ಸ್‌ವರ್ತ್ ಅದನ್ನು ಒಪ್ಪದೆ, ಆಂಬುಲೆನ್ಸಿನಲ್ಲಿ ಅವನಿಗೆ ಇನ್ನೂ ಜೀವವಿದೆ ಎಂದು ತಿಳಿಸುವ ಚಿತ್ರಚೌಕವೊಂದನ್ನು ಕೊನೆಗೆ ಸೇರಿಸಿಸಿದರು. ಕಥೆಗಾರ ಬಿಲ್ ಫಿಂಗರ್ ಅವರಿಗೆ ಇದ್ದ ಅಳುಕೆಂದರೆ, ಹಿಡಿದವರೇ ಮತ್ತೆ ಮತ್ತೆ ಎದುರಾದರೆ ನಾಯಕನು ಕೈಲಾಗದವನಂತೆ ಕಾಣುತ್ತಾನೆ ಎಂಬುದು. ಉಳಿದದ್ದು ಸಂಪಾದಕರ ಮಾತು. ಆ ಒಂದು ಚೌಕದ ದೆಸೆಯಿಂದ, ಹಿಡಿಯುವುದು, ಆರ್ಖಮ್ ಹುಚ್ಚಾಸ್ಪತ್ರೆಗೆ ಹಾಕುವುದು, ತಪ್ಪಿಸಿಕೊಂಡು ಬಂದವನನ್ನು ಮತ್ತೆ ಹಿಡಿಯುವುದು ಈ ಕಥೆಗಳ ನಡೆಯೇ ಆಯಿತು. ಹೀಗೆ ಎಂದೂ ಮುಗಿಯದವನನ್ನು ಖಳನಾಯಕ ಎನ್ನಲು ನನಗೆ ಹಿಂಜರಿಕೆಯಿದೆ.

ಪ್ರತಿನಾಯಕ ಹೊಂದೀತೇ? ಧನಂಜಯನ ದಶರೂಪಕವೆಂಬ ಸಂಸ್ಕೃತ ನಾಟಕಲಕ್ಷಣ ಗ್ರಂಥದಲ್ಲಿ ಅವನಿಗೆ ಹೇಳಿರುವ ಲಕ್ಷಣಗಳು ಲುಬ್ಧ (ದುರಾಸೆಯವ), ಧೀರೋದ್ಧತ (ಸೊಕ್ಕಿನ ವೀರ), ಸ್ತಬ್ಧ (ಮೊಂಡ), ಪಾಪಕೃತ್ (ಪಾಪ ಮಾಡುವವ), ವ್ಯಸನಿ (ಚಟಕ್ಕೆ ಬಿದ್ದವ) ಎಂದು. ಬ್ಯಾಟ್‌ಮ್ಯಾನನ ಇನ್ನೊಬ್ಬ ವಿಲನ್ ಪೆಂಗ್ವಿನ್ ಈ ಪಟ್ಟಿಗೆ ಬಹುಮಟ್ಟಿಗೆ ಒಗ್ಗುತ್ತಾನೆ. ಜೋಕರ್ ಲುಬ್ಧನಲ್ಲ, ಈಚಿನ ಕಥೆಗಳಲ್ಲಂತೂ ಅವನಿಗೆ ಹಣ ಲೆಕ್ಕಕ್ಕೇ ಇಲ್ಲ. ಆದರೆ ವ್ಯಸನಿ ಎಂಬುದು ಅವನಿಗಾಗಿಯೇ ಬರೆದಂತಿದೆ, ಏಕೆಂದರೆ ಅವನಿಗಿರುವ ಒಂದೇ ವ್ಯಸನ ಬ್ಯಾಟ್‌ಮ್ಯಾನ್. ಅಲ್ಲದೆ ಕನ್ನಡ ವಿಮರ್ಶೆಯಲ್ಲಿ ರನ್ನನ ದುರ್ಯೋಧನ, ನಾಗಚಂದ್ರನ ರಾವಣರನ್ನು ಚರ್ಚಿಸುತ್ತ ಬಂದುದರಿಂದ ಈ ಪದಕ್ಕೆ ಒಂದು ಘನತೆಯೂ ಬಂದಿದೆ, ಮತ್ತು ತೊಂದರೆ ಇರುವುದೂ ಆ ಘನತೆಯಲ್ಲೇ. ಬ್ಯಾಂಕ್ ದರೋಡೆಗೆ ಒಗಟು ಕಟ್ಟಿ ಕಳುಹಿಸುವ ರಿಡ್ಲರನನ್ನು ಪ್ರತಿನಾಯಕ ಎಂದರೆ ಕೇಳಿದವರು ನಕ್ಕಾರು.

ಪಾತ್ರವನ್ನು ನೋಡಿ ಪದವನ್ನು ಆರಿಸೋಣವೆಂದರೆ ಪಾತ್ರವೇ ಒಂದೆಡೆ ನಿಲ್ಲುವುದಿಲ್ಲ. ಮಿಸ್ಟರ್ ಫ್ರೀಜ್‌ನನ್ನು ನೋಡಿ. 1959ರಲ್ಲಿ ಮಿಸ್ಟರ್ ಝೀರೋ ಎಂಬ ಹೆಸರಿನಿಂದ ಬಂದಾಗ ಅವನು ಹಿಮದ ಕೋವಿ ಹಿಡಿದು ವಜ್ರ ಕದಿಯುವ ಸಾಮಾನ್ಯ ಕಳ್ಳ. ಈಗಿನ ಹೆಸರು ಅರುವತ್ತರ ದಶಕದ ಟೀವಿ ಧಾರಾವಾಹಿಯಿಂದ ಬಂದದ್ದು. 1992ರ ಕಾರ್ಟೂನ್ ಸರಣಿಯಲ್ಲಿ ಅವನಿಗೊಬ್ಬ ಹೆಂಡತಿ ಹುಟ್ಟಿದಳು: ವಾಸಿಯಾಗದ ರೋಗದ ನೋರಾಳನ್ನು ಹಿಮದಲ್ಲಿಟ್ಟು ಮದ್ದು ಹುಡುಕುತ್ತಿದ್ದ ವಿಜ್ಞಾನಿ, ಕಂಪನಿಯ ಒಡೆಯನ ಕ್ರೌರ್ಯದಿಂದ ಅವಳನ್ನು ಕಳೆದುಕೊಂಡು ಹಗೆಯ ದಾರಿ ಹಿಡಿದ ಎಂದು ಕಥೆ ಮಾರ್ಪಟ್ಟು, ಕಾಮಿಕ್ಸ್ ಕೂಡ ಅದನ್ನೇ ಒಪ್ಪಿಕೊಂಡಿತು. 2012ರ ಬ್ಯಾಟ್‌ಮ್ಯಾನ್ ವಾರ್ಷಿಕ ಸಂಚಿಕೆ ಅದನ್ನೂ ತಿರುಗಿಸಿತು: ನೋರಾ ಅವನ ಹೆಂಡತಿಯೇ ಅಲ್ಲ, ಅವನು ಹುಟ್ಟುವ ಮೊದಲೇ ಹಿಮದಲ್ಲಿ ಇರಿಸಿದ್ದ ರೋಗಿ, ದಾಂಪತ್ಯವೆಲ್ಲ ಅವನ ಭ್ರಮೆ. ಕಳ್ಳ, ದುರಂತಪಾತ್ರ, ಭ್ರಾಂತ ಮೂವರೂ ಒಬ್ಬನೇ. 1959ರ ಸಂಚಿಕೆಗೆ ಖಳ ಸಾಕು, 1992ರ ಕಥೆಗೆ ಪ್ರತಿನಾಯಕ ಬೇಕು. ಒಂದೇ ಲೇಖನದಲ್ಲಿ ಒಬ್ಬನಿಗೇ ಎರಡು ಪದವಿಟ್ಟರೆ ಹೊಸ ಓದುಗರು ಇಬ್ಬರೆಂದು ತಿಳಿದಾರು. ಹೀಗೆ ಹಿಂದಣ ಕಥೆಯನ್ನು ಮುಂದಿನವರು ತಿದ್ದುವುದಕ್ಕೆ ನಾನು ಸದ್ಯಕ್ಕೆ ‘ಪೂರ್ವಕಥೆಯ ತಿದ್ದುಪಡಿ’ ಎಂದು ಬರೆದಿದ್ದೇನೆ. ಕಾನೂನಿನ ವಾಸನೆ ಬರುತ್ತದೆ ಎನ್ನಿಸಿದರೆ ಬೇರೆಯದನ್ನು ಸೂಚಿಸಿ.

ಸ್ತ್ರೀಲಿಂಗದ ತೊಡಕು ಬೇರೆಯೇ ಇದೆ. 1940ರಲ್ಲಿ ಒಡವೆ ಕದಿಯುವವಳಾಗಿ ಬಂದು, ಆಮೇಲೆ ಬ್ಯಾಟ್‌ಮ್ಯಾನನ ಮನಸ್ಸನ್ನೂ ಗೆದ್ದ ಕ್ಯಾಟ್‌ವುಮನ್‌ಳನ್ನು ಏನೆನ್ನಬೇಕು? ಖಳನಾಯಕಿ ಎಂದೊಡನೆ ಸಂಜೆಯ ಧಾರಾವಾಹಿಯ ಅತ್ತೆ ಬಂದು ನಿಲ್ಲುತ್ತಾಳೆ. ಪ್ರತಿನಾಯಿಕೆ ಎಂದರೆ ಅಲಂಕಾರಶಾಸ್ತ್ರ ಬಲ್ಲವರು ನಾಯಿಕೆಯ ಸವತಿ ಎಂದೇ ಅರ್ಥಮಾಡುತ್ತಾರೆ.

ಎದುರಾಳಿ ಎಂಬುದನ್ನು ಕ್ರಿಕೆಟ್ಟಿಗೂ ಚುನಾವಣೆಗೂ ಬಿಟ್ಟುಕೊಟ್ಟಾಗಿದೆ. ಸೂಪರ್‌ವಿಲನ್ ಎಂಬುದಕ್ಕೆ ಅತಿಮಾನುಷ ಖಳ ಎಂದರೂ ಸರಿಹೋಗದು, ಏಕೆಂದರೆ ಜೋಕರ್, ಪೆಂಗ್ವಿನ್, ರಿಡ್ಲರ್ ಯಾರಲ್ಲೂ ಅತಿಮಾನುಷವಾದದ್ದೇನೂ ಇಲ್ಲ. ಒಬ್ಬ ಕಥೆಗಾರ ಬಿಡದೆ ಬರೆದ ಸಂಚಿಕೆಗಳ ಸಾಲನ್ನು ಕಾಮಿಕ್ಸಿನವರು ರನ್ ಎನ್ನುತ್ತಾರೆ; ಸ್ಕಾಟ್ ಸ್ನೈಡರ್ ಅವರ ರನ್ ಚೆನ್ನಾಗಿದೆ ಎಂದು ಬರೆದರೆ ನಮ್ಮವರು ಸ್ಕೋರ್ ಎಷ್ಟೆಂದು ಕೇಳುವುದು ಖಂಡಿತ, ಆದ್ದರಿಂದ ‘ಸರದಿ’ ಎಂದಿದ್ದೇನೆ.

ನನ್ನ ಒಲವು ಇರುವುದು ಯಕ್ಷಗಾನದ ಇದಿರುವೇಷದ ಕಡೆಗೆ. ಆ ಪದದಲ್ಲಿ ಕೇಡಿನ ತೀರ್ಪಿಲ್ಲ, ವಧೆಯ ಸೂಚನೆಯಿಲ್ಲ, ನಾಯಕನಿಗೆ ಎದುರಾಗಿ ನಿಲ್ಲುವವನೆಂಬ ಅರ್ಥವಷ್ಟೇ ಇದೆ. ನಾಳಿನ ಆಟಕ್ಕೆ ಅದೇ ವೇಷ ಮತ್ತೆ ಬರುತ್ತದೆ ಎಂಬುದೂ ನೋಡುವವರಿಗೆ ಗೊತ್ತಿದೆ. ಕರಾವಳಿಯ ಬಳಕೆ ಬಲ್ಲವರು ದಯವಿಟ್ಟು ಎರಡು ವಿಷಯಗಳನ್ನು ತಿಳಿಸಬೇಕು. ಇದಿರುವೇಷ ಎಂಬುದು ಕಥೆಯ ಪಾತ್ರವನ್ನು ಸೂಚಿಸುತ್ತದೆಯೋ, ಮೇಳದಲ್ಲಿ ಕಲಾವಿದನ ಸ್ಥಾನವನ್ನೋ? ಒಂದೇ ಪ್ರಸಂಗದಲ್ಲಿ ಹಲವರು ನಾಯಕನಿಗೆ ಎದುರಾದಾಗ ಅವರೆಲ್ಲರಿಗೂ ಈ ಪದ ಸಲ್ಲುತ್ತದೆಯೋ, ಮುಖ್ಯನಾದ ಒಬ್ಬನಿಗೆ ಮಾತ್ರವೋ?