ಶಿವಮೊಗ್ಗದಲ್ಲಿ ಅಕ್ವಾಪೋನಿಕ್ಸ್ ಮಾಡಿ ಬದುಕಬಹುದಾ?

ವಿನೋಬನಗರದವ:

ಎಲ್ಲರಿಗೂ ನಮಸ್ಕಾರ. ವಿನೋಬನಗರದಲ್ಲಿ ನಮ್ಮದು ಮೂವತ್ತು-ನಲವತ್ತರ ಸೈಟಿನ ಮನೆ, ಮೇಲೆ ಟೆರೇಸು ಖಾಲಿ ಬಿದ್ದಿದೆ. ಗಾಜನೂರು ಕಡೆ ಮಾವನವರ ತೋಟದ ಪಕ್ಕ ಏಳೆಂಟು ಗುಂಟೆ ಬಯಲು ಜಾಗವೂ ಇದೆ, ಸುತ್ತ ಅಡಿಕೆ. ಒಂದೇ ನೀರಲ್ಲಿ ಮೀನು, ಸೊಪ್ಪು ಎರಡೂ ಬೆಳೆಯೋ ಈ ಅಕ್ವಾಪೋನಿಕ್ಸ್ ವಿಡಿಯೊ ನೋಡಿ ನೋಡಿ ತಲೆ ತುಂಬಿಹೋಗಿದೆ. ಎಲ್ಲರೂ ತಿಲಾಪಿಯಾ, ಲೆಟ್ಯೂಸ್ ಅಂತಲೇ ಹೇಳುತ್ತಾರೆ. ಕೆಲಸ ಬಿಟ್ಟು ಇದಕ್ಕೇ ಇಳಿಯೋಣ ಅಂತ ಯೋಚನೆ. ಟೆರೇಸಿನಲ್ಲಿ ಶುರು ಮಾಡೋದಾ, ನೇರ ಗಾಜನೂರಿನಲ್ಲೇ ಮಾಡೋದಾ? ಸಬ್ಸಿಡಿ ಸಿಗುತ್ತಾ? ಕೈಯಾರೆ ಮಾಡಿದವರು ಇದ್ದರೆ ದಯವಿಟ್ಟು ಹೇಳಿ.

ಸಾಗರದ ಸಿವಿಲ್:

ಟೆರೇಸಿನ ಬಗ್ಗೆ ಮಾತ್ರ ಹೇಳುತ್ತೇನೆ. ಮೀನಿನ ವಿಷಯದಲ್ಲಿ ನನಗೆ ಗೊತ್ತಿರೋದು ತಿನ್ನೋದೊಂದೇ.

ಜನ ಓಡಾಡುವ ತಾರಸಿಗೆ ಐಎಸ್ 875ರ (ಕಟ್ಟಡದ ಭಾರಕ್ಕಿರುವ ಭಾರತೀಯ ಮಾನದಂಡ) ಪ್ರಕಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋ ಭಾರ ಹಿಡಿದು ಲೆಕ್ಕ ಹಾಕುತ್ತಾರೆ. ಸಾವಿರ ಲೀಟರಿನ ಆ ಬಿಳಿ ಚೌಕದ ಟ್ಯಾಂಕ್ ತುಂಬಿದರೆ ಒಂದು ಟನ್, ಅದು ಕೂರುವ ಜಾಗ ಹೆಚ್ಚೆಂದರೆ 1.2 ಚದರ ಮೀಟರ್. ಸೊಪ್ಪು ಬೆಳೆಯೋಕೆ ಒಂದಡಿ ಆಳ ಜಲ್ಲಿ ತುಂಬಿದ ಬೆಡ್ಡು ಚದರ ಮೀಟರಿಗೆ ಅರ್ಧ ಟನ್ ತೂಗುತ್ತದೆ. ಲೆಕ್ಕ ನೀವೇ ಹಾಕಿ. ಮನೆಯ ಡ್ರಾಯಿಂಗ್ ತೋರಿಸಿ ಎಂಜಿನಿಯರ್ ಹತ್ತಿರ ಕೇಳದೆ ಒಂದು ಬಕೆಟ್ ಜಲ್ಲಿಯನ್ನೂ ಮೇಲೆ ಹತ್ತಿಸಬೇಡಿ.

ಮಂಡಗದ್ದೆ ಅಕ್ಕ:

ಕೆಲಸ ಬಿಡಬೇಡಿ ಮಾರಾಯ್ರೆ. ಉಳಿದದ್ದೆಲ್ಲ ಆಮೇಲೆ.

ನಾನು ಮಂಡಗದ್ದೆ ಹತ್ತಿರ ಪ್ಲಾಸ್ಟಿಕ್ ಮಾಡಿನ ಕೆಳಗೆ ಸೊಪ್ಪು ಬೆಳೆದು ಶಿವಮೊಗ್ಗಕ್ಕೆ ಕೊಡುತ್ತೇನೆ. ಮೀನೂ ಇದೆ. ಆದರೆ ನನ್ನ ಮಟ್ಟಿಗೆ ಮೀನು ಅಂದರೆ ಗೊಬ್ಬರ, ದುಡ್ಡು ಬರೋದು ಸೊಪ್ಪಿನಿಂದ. ಯಾಕೆ ಅಂತ ನೋಡಿ. ಸೊಪ್ಪಿನ ಬೆಡ್ಡಿಗೆ ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ ಮೀನಿನ ಫೀಡ್ ಅನ್ನೋದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಕೊಡುವ ಲೆಕ್ಕ. 100 ಚದರ ಮೀಟರ್ ಸೊಪ್ಪಿಗೆ ದಿನಕ್ಕೆ 5 ಕಿಲೋ ಆಯಿತು. ಮೀನು ತನ್ನ ತೂಕದ ನೂರಕ್ಕೆ ಒಂದೂವರೆಯಷ್ಟು ತಿನ್ನುತ್ತದೆ ಅಂತ ಹಿಡಿದರೆ ತೊಟ್ಟಿಯಲ್ಲಿ 330 ಕಿಲೋ ಮೀನು ಇರಬೇಕು. ಸಾವಿರ ಲೀಟರಿಗೆ 20 ಕಿಲೋ ದಾಟಿಸಬಾರದು, ಹಾಗಾಗಿ ಹದಿನಾರು-ಹದಿನೇಳು ಸಾವಿರ ಲೀಟರ್ ನೀರು. ತಿಂಗಳಿಗೆ 150 ಕಿಲೋ ಫೀಡ್ ಹಾಕಿದರೆ, ಎಲ್ಲ ಸರಿಯಾಗಿ ನಡೆದರೆ, 100 ಕಿಲೋ ಮೀನು. ಫೀಡಿಗೆ ಕಿಲೋಗೆ 60, ಮೀನಿಗೆ 120 ಅಂತ ಇಟ್ಟುಕೊಳ್ಳಿ. 9 ಸಾವಿರ ಹೋಗಿ 12 ಸಾವಿರ ಬಂತು. ಉಳಿದ 3 ಸಾವಿರದಲ್ಲೇ ಮೀನುಮರಿ, ಪಂಪಿನ ಕರೆಂಟು, ಸತ್ತ ಮೀನು ಎಲ್ಲ. ಆಳಿನ ಕೂಲಿ ಇನ್ನೂ ಸೇರಿಸಿಲ್ಲ!

ಅದೂ ಅಲ್ಲದೆ ನಮ್ಮ ಮಾರ್ಕೆಟ್ಟಿಗೆ ಕರಾವಳಿಯಿಂದ ಬಂಗುಡೆ, ಭೂತಾಯಿ ಬರುತ್ತದೆ. ಅದರ ಪಕ್ಕ ಜಿಲೇಬಿ ಮೀನು (ನೀವು ಹೇಳಿದ ತಿಲಾಪಿಯಾನೇ) ಇಟ್ಟರೆ ಗಿರಾಕಿ ಮೊದಲು ಕೇಳೋದು "ಮಣ್ಣು ವಾಸನೆ ಇದೆಯಾ" ಅಂತ. ಇರುತ್ತದೆ. ಹಿಡಿಯುವ ಮುಂಚೆ ಕೆಲವು ದಿನ ಫೀಡ್ ಹಾಕದೆ ಬೇರೆ ತೊಟ್ಟಿಯ ಶುದ್ಧ ನೀರಲ್ಲಿ ಬಿಟ್ಟರೆ ಹೋಗುತ್ತದೆ. ಅದಕ್ಕೂ ಒಂದು ತೊಟ್ಟಿ ಬೇಕಲ್ವಾ?

ಇನ್ನು ನೀರು. ಇದನ್ನು ಯಾವ ವಿಡಿಯೊದವರೂ ಹೇಳೋದಿಲ್ಲ, ಯಾಕಂದರೆ ಅವರದ್ದು ಗಡಸು ಬೋರ್‌ವೆಲ್ ನೀರು. ನಮ್ಮ ಕಡೆಯ ಬಾವಿ ನೀರು, ಹಳ್ಳದ ನೀರು ಮೆದು, ಸುಣ್ಣದ ಅಂಶ ತೀರಾ ಕಡಿಮೆ. ಮೀನಿನ ಅಮೋನಿಯಾವನ್ನು ಬ್ಯಾಕ್ಟೀರಿಯಾ ನೈಟ್ರೇಟ್ ಮಾಡುವಾಗ ಆ ಸುಣ್ಣವನ್ನು ತಿನ್ನುತ್ತದೆ. ಒಂದು ಕಿಲೋ ಫೀಡಿನಿಂದ ಸುಮಾರು 30 ಗ್ರಾಂ ಅಮೋನಿಯಾ ಸಾರಜನಕ ಬರುತ್ತದೆ, ಅದಕ್ಕೆ 200 ಗ್ರಾಂ ಚಿಲ್ಲರೆ ಸುಣ್ಣದ ಕಲ್ಲಿಗೆ ಸಮನಾದ ಕ್ಷಾರ ಖರ್ಚು. ಗಿಡ ನೈಟ್ರೇಟ್ ಹೀರಿದಾಗ ಒಂದಷ್ಟು ವಾಪಸ್ ಬರುತ್ತದೆ, ಆದರೆ ಪೂರ್ತಿ ಅಲ್ಲ. ಮಳೆಗಾಲದಲ್ಲಿ ಗಮನ ಕೊಡದಿದ್ದರೆ ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನೋ ಅಳತೆ) 6ಕ್ಕಿಂತ ಕೆಳಗೆ ಜಾರುತ್ತದೆ. ಟೆಸ್ಟ್ ಕಿಟ್ಟಿನ ಹನಿ ಹಾಕಿದ ಕೂಡಲೇ ನೀರು ಹಸಿರಾಗದೆ ಹಳದಿಗೆ ತಿರುಗುತ್ತದೆ. ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತದೆ, ಅಮೋನಿಯಾ ಏರುತ್ತದೆ. ಆದರೂ ಮೀನು ಆರಾಮಾಗಿ ಓಡಾಡಿಕೊಂಡಿರುತ್ತದೆ, ಯಾಕಂದರೆ ಹುಳಿ ನೀರಿನಲ್ಲಿ ಅಮೋನಿಯಾದ ವಿಷ ಕಡಿಮೆ. ಆಗ ಗಾಬರಿಯಾಗಿ ಒಂದು ಬೊಗಸೆ ಸುಣ್ಣ ಸುರಿದಿರೋ, ಪಿಎಚ್ ಮೇಲೆ ಹಾರುತ್ತದೆ, ಇದ್ದ ಅಮೋನಿಯಾ ಎಲ್ಲ ವಿಷವಾಗುತ್ತದೆ, ಬೆಳಗ್ಗೆ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತದೆ. ಹಾಗಾಗಿ ಕಪ್ಪೆಚಿಪ್ಪನ್ನು ಜಾಲರಿ ಚೀಲದಲ್ಲಿ ಕಟ್ಟಿ ನೀರು ಬೀಳುವ ಕಡೆ ಇಳಿಬಿಡಿ. ಅದು ನಿಧಾನವಾಗಿ ಕರಗುತ್ತದೆ. ಸಾಲದಿದ್ದರೆ ಪೊಟ್ಯಾಸಿಯಂ ಬೈಕಾರ್ಬೊನೇಟ್ ಸ್ವಲ್ಪ ಸ್ವಲ್ಪವೇ. ಗಿಡಕ್ಕೂ ಪೊಟ್ಯಾಷ್ ಸಿಗುತ್ತದೆ, ಮೀನಿನ ಫೀಡಿನಲ್ಲಿ ಅದು ಹೇಗೂ ಕಮ್ಮಿ. ಪಿಎಚ್ 6.8-7ರ ಹತ್ತಿರ ನಿಂತರೆ ಮೀನು, ಗಿಡ, ಬ್ಯಾಕ್ಟೀರಿಯಾ ಮೂರಕ್ಕೂ ನಡೆಯುತ್ತದೆ.

ಚಿಗುರೆಲೆ ಹಳದಿ, ನರ ಮಾತ್ರ ಹಸಿರು ಕಂಡರೆ ಕಬ್ಬಿಣ ಸಾಲದು. ಚೀಲೇಟೆಡ್ ಕಬ್ಬಿಣ (ನೀರಲ್ಲಿ ಕರಗಿ ಗಿಡಕ್ಕೆ ಸಿಗುವ ರೂಪದ್ದು) ತಂದು ಹಾಕಿ, ತುಕ್ಕು ಮೊಳೆ ಹಾಕುವ ಸಲಹೆ ಯಾರಾದರೂ ಕೊಟ್ಟರೆ ಸುಮ್ನೆ ನಕ್ಕುಬಿಡಿ.

ಕಣಿವೆ ತೋಟ:

ಅಕ್ಕ ಒಂದು ಮುಖ್ಯ ವಿಷಯ ಬಿಟ್ಟರು. ಸುತ್ತ ಅಡಿಕೆ ಅಂದಿರಲ್ಲ, ಮಳೆ ಹಿಡಿಯುವ ಮುಂಚೆ ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತಾರೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮರದ ತುದಿಗೆ ಹೊಡೆದ ಔಷಧಿ ಗಾಳಿಗೆ ಎಲ್ಲಿಗೆ ಬೇಕಾದರೂ ಹಾರುತ್ತದೆ. ನಿಮ್ಮ ಮಾಡಿನ ಮೇಲೆ ಕೂತರೆ ಮೊದಲ ಮಳೆಗೆ ತೊಳೆದು ಕೆಳಗೆ ಬರುತ್ತದೆ.

ಮಂಡಗದ್ದೆ ಅಕ್ಕ:

ಸರಿಯಾಗಿ ಹೇಳಿದಿರಿ! ತಾಮ್ರ ಮೀನಿಗೆ ವಿಷ, ಅದರಲ್ಲೂ ಮೆದು ನೀರಿನಲ್ಲಿ ಇನ್ನೂ ಜಾಸ್ತಿ. ಮಾಡಿನ ನೀರನ್ನು ತೊಟ್ಟಿಗೆ ಹಿಡಿಯಲೇಬೇಡಿ. ಔಷಧಿ ಹೊಡೆಯುವ ದಿನ ಯಾವುದು ಅಂತ ಮಾವನವರ ಹತ್ತಿರ, ಪಕ್ಕದ ತೋಟದವರ ಹತ್ತಿರ ಮೊದಲೇ ಕೇಳಿಟ್ಟು ತೊಟ್ಟಿಗೆ ಟಾರ್ಪಾಲು ಮುಚ್ಚಿ. ಪಕ್ಕದವರ ಜೊತೆ ಮಾತು ಬಿಟ್ಟವರಿಗೆ ಈ ಕಸುಬು ಆಗೋದಿಲ್ಲ.

ವಿನೋಬನಗರದವ:

ಅಬ್ಬಾ, ಒಳ್ಳೆ ಸಮಯಕ್ಕೆ ಕೇಳಿದೆ ಅನ್ನಿಸುತ್ತಿದೆ. ಹಾಗಾದರೆ ಯಾವ ಸೊಪ್ಪು, ಯಾವ ಮೀನು? ಕರೆಂಟು ಹೋದರೆ ಏನು ಮಾಡುತ್ತೀರಿ? ಸಬ್ಸಿಡಿ ವಿಷಯ ಯಾರೂ ಹೇಳಲಿಲ್ಲ.

ಮಂಡಗದ್ದೆ ಅಕ್ಕ:

ಲೆಟ್ಯೂಸ್ ಬೇಕಾದವರು ಶಿವಮೊಗ್ಗದಲ್ಲಿ ನಾಲ್ಕು ಹೋಟೆಲಿನವರು. ಕೊತ್ತಂಬರಿ ಬೇಡದ ಮನೆ ಇದೆಯಾ? ಆಷಾಢದ ಮಳೆಗೆ ಬಯಲಿನ ಕೊತ್ತಂಬರಿ, ಹರಿವೆ ಕೊಳೆತು ಮಾರ್ಕೆಟ್ಟಿಗೆ ಬರೋದೇ ಕಮ್ಮಿಯಾಗುತ್ತದೆ. ಮಾಡಿನ ಕೆಳಗೆ ಬೆಳೆದವರಿಗೆ ಆಗ ರೇಟು. ಬಸಳೆ, ಪುದೀನ, ಒಂದೆಲಗ ಈ ನೀರಿನಲ್ಲಿ ಚೆನ್ನಾಗಿ ಬರುತ್ತವೆ. ಒಂದೆಲಗದ ತಂಬುಳಿ ಮಾಡುವವರು ನಮ್ಮಲ್ಲಿ ಇರುವವರೆಗೂ ಗಿರಾಕಿಗೆ ಬರವಿಲ್ಲ. ಮಳೆಗಾಲದಲ್ಲಿ ಬಿಸಿಲಿಲ್ಲದೆ ಸೊಪ್ಪು ನಿಧಾನ, ಆಗ ಫೀಡನ್ನೂ ಕಮ್ಮಿ ಮಾಡಬೇಕು.

ಮೀನು: ಜಿಲೇಬಿ ಗಟ್ಟಿ ಮೀನು, ಆದರೆ ನೀರು 20 ಡಿಗ್ರಿಗಿಂತ ತಣ್ಣಗಾದರೆ ಊಟ ತುಂಬಾ ಕಮ್ಮಿ ಮಾಡುತ್ತದೆ. ಅದನ್ನು ಸಾಕಲು ಅನುಮತಿ ಬೇಕು, ಮೀನುಗಾರಿಕೆ ಇಲಾಖೆಯಲ್ಲಿ ಮೊದಲೇ ಕೇಳಿ. ತೊಟ್ಟಿ ನೀರು ಹಳ್ಳಕ್ಕೆ, ಅಲ್ಲಿಂದ ತುಂಗೆಗೆ ಹೋಗದ ಹಾಗೆ ನೋಡಿಕೊಳ್ಳಿ. ಅದು ಹೊರಗಿನ ಮೀನು, ಹೊಳೆಗೆ ಸೇರಿದರೆ ನಮ್ಮ ಮೀನಿಗೆ ಕಷ್ಟ. ನಾನು ಸಾಕಿರೋದು ಕಾಮನ್ ಕಾರ್ಪ್. ಚಳಿ ತಡೆಯುತ್ತದೆ, ಮರಿಗೆ ಬಿ.ಆರ್. ಪ್ರಾಜೆಕ್ಟಿನ (ಭದ್ರಾ ಜಲಾಶಯ) ಮೀನುಮರಿ ಕೇಂದ್ರದಲ್ಲಿ ವಿಚಾರಿಸಿ.

ಕರೆಂಟು: ಗಾಳಿಗೆ ಮರ ಲೈನ್ ಮೇಲೆ ಬಿದ್ದರೆ ರಾತ್ರಿಯಿಡೀ ಇರೋದಿಲ್ಲ. ನೀರಿನ ಪಂಪು ನಿಂತರೆ ಸ್ವಲ್ಪ ಹೊತ್ತು ನಡೆಯುತ್ತದೆ, ಗಾಳಿ ಪಂಪು ನಿಲ್ಲಬಾರದು. ಅದಕ್ಕೆ ಬೇರೆ ಬ್ಯಾಟರಿ ಇಡಿ, ಮನೆಯ ಟಿವಿ ಇನ್ವರ್ಟರಿಗೆ ಸಿಕ್ಕಿಸಬೇಡಿ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಕೈಯಲ್ಲಿ ಜಾಸ್ತಿ ಸಮಯ ಇಲ್ಲ ಅಂತ ತಿಳಿಯಿರಿ.

2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಬಯೋಫ್ಲಾಕ್ (ತೊಟ್ಟಿ ನೀರಲ್ಲೇ ಸೂಕ್ಷ್ಮಜೀವಿ ಬೆಳೆಸಿ ಮೀನು ಸಾಕೋದು), ಆರ್‌ಎಎಸ್ (ನೀರನ್ನು ಶೋಧಿಸಿ ಮತ್ತೆ ಮತ್ತೆ ಬಳಸಿ ಮೀನು ಸಾಕೋದು) ಘಟಕಗಳಿಗೆ ಸಾಮಾನ್ಯ ವರ್ಗದವರಿಗೆ ಘಟಕ ವೆಚ್ಚದ ಶೇ. 40, ಮಹಿಳೆಯರಿಗೂ ಪರಿಶಿಷ್ಟರಿಗೂ ಶೇ. 60 ಅಂತ ಇಟ್ಟಿದ್ದರು. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತ ಇಲಾಖೆಯಲ್ಲೇ ಕೇಳಿ. ಸಬ್ಸಿಡಿ ಇಲ್ಲದೆಯೂ ಲೆಕ್ಕ ಕೂಡಿದರೆ ಮಾತ್ರ ಕೈಹಾಕಿ.

ಗಾಜನೂರಿನಲ್ಲಿ ಮೊದಲು ಮಾಡು ಕಟ್ಟಿ, ಮಣ್ಣಿನಲ್ಲೇ ಕೊತ್ತಂಬರಿ ಬೆಳೆದು ಒಂದು ಮಳೆಗಾಲ ಮಾರಿ ನೋಡಿ. ಪಕ್ಕದಲ್ಲೇ ಒಂದು ಸಾವಿರ ಲೀಟರಿನ ತೊಟ್ಟಿ, ಆರು ಚದರ ಮೀಟರ್ ಬೆಡ್ಡು. ಬ್ಯಾಕ್ಟೀರಿಯಾ ಕೂರಲು ನಾಲ್ಕರಿಂದ ಆರು ವಾರ ಬೇಕು, ಅದಕ್ಕೆ ಮುಂಚೆ ತೊಟ್ಟಿ ತುಂಬ ಮೀನು ಬಿಡಬೇಡಿ. ಬಾವಿ ನೀರಿನ ಕ್ಷಾರ ಎಷ್ಟಿದೆ ಅಂತ ಟೆಸ್ಟ್ ಮಾಡಿಸಿ ಇಲ್ಲಿ ಹಾಕಿ. ಎಷ್ಟು ಚಿಪ್ಪು ಬೇಕು ಅಂತ ನೋಡಿ ಹೇಳುತ್ತೇನೆ.